ತೋಟದ ಮೇಲಿನ ಜಡ್ಡಿಗೆ ಕಾಲುವೆ ಹೊಡೆಯಬಹುದೇ?

ಪ್ರಶ್ನೆ: ಕೆಳಗಿನತೋಟ

ನಮ್ಮದು ಸಿದ್ದಾಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿರುವ ತೋಟ. ಮೇಲಿನಿಂದ ಕೆಳಕ್ಕೆ ಹೇಳುವುದಾದರೆ ಮೊದಲು ಬೆಟ್ಟ, ಅದರ ಬುಡದಲ್ಲಿ ಸುಮಾರು 2 ಎಕರೆಯ ಜಡ್ಡಿ (ನೀರು ಜಿನುಗುವ ಜೌಗು ನೆಲ), ಜಡ್ಡಿಯ ಬಾಯಿಗೆ ನಮ್ಮ 3 ಎಕರೆ ಅಡಿಕೆ ತೋಟ, ತೋಟದ ಕೆಳಗೆ ಮನೆ ಮತ್ತು ಬಾವಿ, ಕೊನೆಗೆ ಅಘನಾಶಿನಿಯ ಕಡೆಗೆ ಹರಿಯುವ ಹಳ್ಳ. ಜಡ್ಡಿಯ ಕೆಳಗಿನ ಅರ್ಧ ಭಾಗ ನನ್ನ ಅಜ್ಜನ ಕಾಲದಲ್ಲಿ ಗದ್ದೆಯಾಗಿತ್ತು. ಆಳು ಸಿಗದೆ ಇಪ್ಪತ್ತು ವರ್ಷಗಳ ಹಿಂದೆ ನಾಟಿ ನಿಲ್ಲಿಸಿದೆವು; ಈಗ ಅಲ್ಲಿ ಜೇಕು, ಕಾಡುಕೆಸು ಮತ್ತು ಮುಂಡಿಗೆ ತುಂಬಿಕೊಂಡಿವೆ. ಮೇಲಿನ ಅರ್ಧದಲ್ಲಿ ಮೊದಲಿನಿಂದಲೂ ದೊಡ್ಡ ಮರಗಳಿವೆ. ಅವುಗಳ ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೇ ಇಳಿದಿರುವುದರಿಂದ ದನಗಳೂ ಅತ್ತ ನುಗ್ಗುವುದಿಲ್ಲ.

ಜಡ್ಡಿಗೆ ತಾಗಿರುವ ಎರಡು ಸಾಲು ಅಡಿಕೆ ಮರಗಳ ಸೋಗೆ ಮೂರು ವರ್ಷಗಳಿಂದ ಗಿಡ್ಡವಾಗುತ್ತಿದೆ, ತಲೆ ಮುದುಡಿದಂತಾಗಿದೆ, ಕೊನೆಯೂ (ಅಡಿಕೆ ಗೊಂಚಲೂ) ಸರಿಯಾಗಿ ಬಿಡುತ್ತಿಲ್ಲ. ಇದು ಹಿಡಿಮುಂಡಿಗೆ ರೋಗವೆಂದೂ ಬುಡದಲ್ಲಿ ನೀರು ನಿಲ್ಲುವುದೇ ಅದಕ್ಕೆ ಕಾರಣವೆಂದೂ ನೋಡಿದವರು ಹೇಳಿದ್ದಾರೆ. ಜಡ್ಡಿಯ ನಡುವೆ ಆರು ಅಡಿ ಆಳದ ಕಾಲುವೆ ಹೊಡೆಸಿ ನೀರನ್ನು ನೇರವಾಗಿ ಹಳ್ಳಕ್ಕೆ ಬಿಟ್ಟರೆ ತೋಟ ಸುಧಾರಿಸುತ್ತದೆ, ಮೇಲಾಗಿ ಒಂದು ಎಕರೆ ಹೊಸ ತೋಟಕ್ಕೂ ಜಾಗವಾಗುತ್ತದೆ ಎಂಬುದು ತಮ್ಮನ ವಾದ. ಮೂಲೆಯಲ್ಲಿ ಒಂದು ಹೊಂಡವನ್ನೂ ತೆಗೆದುಬಿಡೋಣ, ನೀರು ಇಂಗಿ ಬಾವಿಗೆ ಬರುತ್ತದೆ ಎಂದು ಮಣ್ಣು ಅಗೆಯುವ ಯಂತ್ರದವರು ಸೇರಿಸಿದ್ದಾರೆ. ಅಮ್ಮನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ತಾನು ಈ ಮನೆಗೆ ಬಂದಂದಿನಿಂದ ಬಾವಿ ಒಮ್ಮೆಯೂ ಬತ್ತಿಲ್ಲ ಎಂಬ ಒಂದೇ ಮಾತನ್ನು ಅವರು ಹೇಳುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಜಡ್ಡಿಯ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ ಕಾಣುತ್ತಿದೆ, ಅದೇನೆಂಬುದೂ ನನಗೆ ತಿಳಿಯಬೇಕಾಗಿದೆ.

ಉತ್ತರ: ಬಸಿಗಾಲುವೆ

ನೀವು ಮಾಡಹೊರಟಿರುವುದನ್ನು ನಾನು ಹನ್ನೆರಡು ವರ್ಷಗಳ ಹಿಂದೆ ಮಾಡಿ ಮುಗಿಸಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಜಡ್ಡಿ ನಿಮ್ಮದರ ಅರ್ಧದಷ್ಟಿತ್ತು. ಬೇಸಿಗೆಯಲ್ಲಿ ಯಂತ್ರ ತರಿಸಿ ಐದು ಅಡಿ ಆಳದ ಕಾಲುವೆ ಹೊಡೆಸಿದೆ. ಮೊದಲ ವರ್ಷ ಊರಿನವರೆಲ್ಲ ಬಂದು ನೋಡಿ ಹೋದರು. ಕಾಲುವೆಯಲ್ಲಿ ದೀಪಾವಳಿಯವರೆಗೂ ಮೊಣಕಾಲುದ್ದ ನೀರು ಹರಿಯುತ್ತಿತ್ತು, ಮೊದಲು ಕಾಲಿಟ್ಟರೆ ಹೂತುಹೋಗುತ್ತಿದ್ದ ಜಾಗದಲ್ಲಿ ಅಡಿಕೆ ಸಸಿ ನೆಟ್ಟೆವು. ಆದರೆ ಹಾಗೆ ಹರಿದುಹೋದದ್ದು ಮುಂದಿನ ಮಾರ್ಚ್, ಏಪ್ರಿಲ್ ತಿಂಗಳ ನೀರು ಎಂಬುದು ಹೊಳೆದದ್ದು ಎರಡನೆಯ ಬೇಸಿಗೆಯಲ್ಲಿ. ಶಿವರಾತ್ರಿ ಕಳೆಯುವಷ್ಟರಲ್ಲಿ ಹಳ್ಳ ನಿಂತಿತು, ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಜೋಡಿಸಬೇಕಾಯಿತು, ಹೊಸ ಸಸಿಗಳಿಗೂ ಹಳೆಯ ತೋಟಕ್ಕೂ ಒಟ್ಟಿಗೆ ನೀರುಣಿಸುವ ಶಕ್ತಿ ನಮ್ಮಲ್ಲಿರಲಿಲ್ಲ. ಮೂರನೆಯ ವರ್ಷ ಮಣ್ಣಿನ ಚೀಲಗಳನ್ನು ಪೇರಿಸಿ ಕಾಲುವೆಗೆ ಮೂರು ಕಡೆ ಕಟ್ಟ ಹಾಕಿದೆ. ನೀರು ಒಂದಿಷ್ಟು ಮರಳಿದೆ, ಆದರೆ ಮೊದಲಿನಂತಾಗಿಲ್ಲ. ಒಣಗಿ ಬಿರುಕು ಬಿಟ್ಟು ಕುಸಿದ ಕಪ್ಪು ಮಣ್ಣು ಮತ್ತೆ ಉಬ್ಬಿ ಮೇಲೇಳುವುದಿಲ್ಲ.

ನಿಮ್ಮ ಎರಡು ಸಾಲು ಮರಗಳ ವಿಷಯ ಬೇರೆಯೇ. ಹಿಡಿಮುಂಡಿಗೆಗೂ ಬಸಿಯದ ಮಣ್ಣಿಗೂ ನಂಟಿರುವುದು ನಿಜ, ಆದರೆ ಬಸಿಯಬೇಕಾದದ್ದು ತೋಟ, ಜಡ್ಡಿಯಲ್ಲ. ಮೊದಲು ಒಂದು ಗುದ್ದಲಿ ಹಿಡಿದು ಆ ಸಾಲುಗಳ ಪಕ್ಕದ ಕಾದಿಗೆಯನ್ನು (ತೋಟದ ನೀರು ಬಸಿಯುವ ಕಾಲುವೆಯನ್ನು) ಅಗೆದು ನೋಡಿ. ನಮ್ಮಲ್ಲಿ ಎರಡೂವರೆ ಅಡಿ ಇದ್ದ ಕಾದಿಗೆ ಸೋಗೆ, ಹಾಳೆ, ಮಣ್ಣು ತುಂಬಿ ಒಂದು ಗೇಣಿಗೆ ಬಂದಿತ್ತು, ಅದನ್ನು ಎಷ್ಟೋ ವರ್ಷಗಳಿಂದ ಯಾರೂ ಎತ್ತಿರಲಿಲ್ಲ. ಜಡ್ಡಿಗೆ ಆಳು ಸಿಗದ ಕಾಲದಲ್ಲಿ ಕಾದಿಗೆಗೂ ಆಳು ಸಿಕ್ಕಿರುವುದಿಲ್ಲ, ಬಹುಶಃ ನಿಮ್ಮಲ್ಲಿಯೂ ಹಾಗೆಯೇ ಆಗಿರಬಹುದು. ಮಳೆಗಾಲಕ್ಕೆ ಮುಂಚೆ ಕಾದಿಗೆಗಳನ್ನು ಎತ್ತಿಸಿ, ಬರಣಕ್ಕೆ (ಮರಗಳಿರುವ ಎತ್ತರದ ಪಟ್ಟಿಗೆ) ಮಣ್ಣು ಏರಿಸಿ. ಆಮೇಲೆ ತೋಟದ ತಲೆಯಲ್ಲಿ, ತೋಟದ ಗಡಿಯೊಳಗೇ, ಅಡ್ಡಲಾಗಿ ಒಂದು ತಲೆಗಾಲುವೆ ತೆಗೆದು ಅದನ್ನು ಪಕ್ಕದಿಂದ ಹಳ್ಳಕ್ಕೆ ಸೇರಿಸಿ. ಅದರ ತಳ ಕಾದಿಗೆಯ ತಳಕ್ಕಿಂತ ಆಳಕ್ಕೆ ಹೋಗಬಾರದು. ಜಡ್ಡಿಯಿಂದ ಜಿನುಗಿ ಬರುವ ನೀರು ಬೇರಿಗೆ ತಾಗುವ ಮೊದಲೇ ಅದರಲ್ಲಿ ಇಳಿದುಹೋಗುತ್ತದೆ. ಜಡ್ಡಿಯ ಹೊಟ್ಟೆಯನ್ನು ಸೀಳುವ ಪ್ರಸಂಗವೇ ಬರುವುದಿಲ್ಲ.

ಉತ್ತರ: ಕಾನುನೋಟ

ಮೇಲಿನವರು ಅನುಭವದಿಂದ ಹೇಳಿದ್ದಕ್ಕೆ ಕಾರಣವನ್ನು ಸೇರಿಸುತ್ತೇನೆ. ಬೆಟ್ಟದ ಮೇಲೆ ಬಿದ್ದ ಮಳೆ ಜಂಬಿಟ್ಟಿಗೆಯ ಸಂದುಗಳಲ್ಲಿ ಇಳಿದು, ಕಣಿವೆಯ ತಳದ ಜೇಡಿಯನ್ನು ದಾಟಲಾಗದೆ ಒರತೆಯಾಗಿ ಹೊರಬರುವ ಜಾಗವೇ ಜಡ್ಡಿ. ಅಂದರೆ ಅದು ನೀರು ಇಂಗುವ ಜಾಗವಲ್ಲ, ಇಂಗಿದ ನೀರು ಏಳುವ ಜಾಗ. ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ದರೆ ಎಷ್ಟು ಹಿಡಿದೀತು? ಅಲ್ಲಿ ಹೊಂಡ ತೆಗೆದರೆ ಹೊಂಡವೇನೋ ತುಂಬುತ್ತದೆ, ಆದರೆ ಅದರಿಂದ ಬಾವಿಗೆ ಹೊಸದಾಗಿ ಒಂದು ತಂಬಿಗೆಯಷ್ಟೂ ನೀರು ಸೇರುವುದಿಲ್ಲ. ಬಿಸಿಲಿಗೆ ತೆರೆದುಕೊಂಡು ಒಂದಿಷ್ಟು ಆವಿಯಾಗುವುದೇ ಹೆಚ್ಚು. ಇಂಗುಗುಂಡಿ ಬೇಕೆಂದಿದ್ದರೆ ಅದರ ಜಾಗ ಮೇಲಿನ ಇಳಿಜಾರು. ಜಡ್ಡಿಯ ಗಿಡಗಳೂ ಬೇಸಿಗೆಯಲ್ಲಿ ನೀರು ಕುಡಿಯುತ್ತವೆ ಎಂಬುದು ಸತ್ಯ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಕೊಳೆತ ಎಲೆ ಬೆರೆತ ಆ ಮಣ್ಣು ಮಳೆಗಾಲದ ನೀರನ್ನು ಹಿಡಿದು ನಿಧಾನವಾಗಿ ಬಿಡುವ ಕೆಲಸವನ್ನು ಕಾಲುವೆ ಮಾಡಲಾರದು.

ಎಣ್ಣೆಯಂಥ ಪೊರೆಯ ಬಗ್ಗೆ ಚಿಂತೆ ಬೇಡ. ಒಂದು ಕಡ್ಡಿಯಿಂದ ಅದನ್ನು ಮುಟ್ಟಿ ನೋಡಿ: ಎಣ್ಣೆಯಾದರೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ, ಇದು ತೆಳುವಾದ ಗಾಜಿನಂತೆ ಚೂರುಚೂರಾಗಿ ಒಡೆದು ಹಾಗೆಯೇ ತೇಲುತ್ತದೆ. ಮಣ್ಣಿನೊಳಗೆ ಗಾಳಿಯಿಲ್ಲದ ಕಡೆ ಕರಗಿದ ಕಬ್ಬಿಣ ಒರತೆಯೊಂದಿಗೆ ಹೊರಬಂದು ಗಾಳಿ ತಾಗಿದಾಗ, ಅದನ್ನೇ ನಂಬಿ ಬದುಕುವ ಬ್ಯಾಕ್ಟೀರಿಯಾಗಳು ಈ ಪೊರೆಯನ್ನು ಕಟ್ಟುತ್ತವೆ. ಪೊರೆಯ ಕೆಳಗೆ ತುಕ್ಕಿನ ಬಣ್ಣದ ಕೆಸರು ಕಂಡರೆ ಒರತೆ ಅಲ್ಲಿಯೇ ಇದೆ ಎಂದು ತಿಳಿಯಬಹುದು.

ಮೇಲಿನ ಅರ್ಧದ ಮರಗಳ ವಿಷಯಕ್ಕೆ ಬರುತ್ತೇನೆ. ನೀವು ವರ್ಣಿಸಿದ ಮಂಡಿಬೇರು ನಿಜವಾಗಿದ್ದರೆ ಅದು ಬಹುಶಃ ರಾಮಪತ್ರೆ ಜಡ್ಡಿ, ಅಂದರೆ ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಕಾಡುಮರಗಳ ಸಿಹಿನೀರಿನ ಜೌಗುಕಾಡು. ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಬೇರುಗಳು ಉಸಿರಾಟಕ್ಕೆಂದು ಹೊರಬರುತ್ತವೆ. ಈ ಬಗೆಯ ಕಾಡನ್ನು 1960ರಲ್ಲಿ ತಿರುವಾಂಕೂರಿನ ಕಡೆಯಿಂದ ಮೊದಲು ದಾಖಲಿಸಲಾಯಿತು. ನಿಮ್ಮದೇ ತಾಲ್ಲೂಕಿನಲ್ಲಿ, ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿರುವ ಕತ್ತಲೆಕಾನು ಎಂಬ ಕಾಡು ಇದಕ್ಕೆ ಹೆಸರಾದ ಜಾಗ. 2000ದಲ್ಲಿ ಅಲ್ಲಿಂದ ವಿವರಿಸಿದ ಗೇರಿನ ಜಾತಿಯ ಮರಕ್ಕೆ ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ಈ ಮರಗಳ ದಪ್ಪ ಬೀಜ ಒಣಗಿದರೆ ಸಾಯುತ್ತದೆ. ಆದ್ದರಿಂದ ನೀರಿನ ಮಟ್ಟ ಇಳಿದರೆ ದೊಡ್ಡ ಮರಗಳು ಕೆಲವು ದಶಕ ನಿಂತಿದ್ದರೂ ಅವುಗಳ ಬುಡದಲ್ಲಿ ಸಸಿ ಹುಟ್ಟುವುದಿಲ್ಲ, ಜಡ್ಡಿ ಸತ್ತದ್ದು ಕಣ್ಣಿಗೆ ಕಾಣುವುದೇ ತಡವಾಗಿ.

ಇನ್ನೊಂದು ಕೋರಿಕೆ. ಮಳೆಗಾಲದ ರಾತ್ರಿ ಜಡ್ಡಿಯ ತೊರೆಯ ಅಂಚಿನಲ್ಲಿ ಬ್ಯಾಟರಿ ಹಿಡಿದು ಕುಳಿತುಕೊಳ್ಳಿ. ಹೆಣ್ಣು ಕಪ್ಪೆ ನೀರಿನ ಮೇಲಿನ ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಮುಂಗಾಲುಗಳಲ್ಲಿ ತಳದ ಕೆಸರನ್ನು ಎತ್ತಿ ತಂದು, ಕುಂಬಾರನು ಮಡಕೆಗೆ ಮೆತ್ತುವ ಹಾಗೆ, ಮೊಟ್ಟೆಗಳಿಗೆ ಬಳಿಯುತ್ತದೆ. ಕತ್ತಲೆಕಾನಿನಲ್ಲಿ ಇದನ್ನು ಗಮನಿಸಿದ ಗುರುರಾಜ ಕೆ. ವಿ. ಮತ್ತು ಸಂಗಡಿಗರು 2014ರಲ್ಲಿ ಈ ಕಪ್ಪೆಗೆ ವೈಜ್ಞಾನಿಕ ಹೆಸರಿಡುವಾಗ ಕನ್ನಡದ ‘ಕುಂಬಾರ’ ಎಂಬ ಪದವನ್ನೇ ಬಳಸಿದರು. ನಿಮ್ಮಲ್ಲಿಯೂ ಅದು ಇದ್ದರೆ ಫೋಟೋ ತೆಗೆದು ಇಲ್ಲಿ ಹಾಕಿ.

ಉತ್ತರ: ಪಹಣಿಪುಸ್ತಕ

ಕಾಗದಪತ್ರಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಎರಡು ಮಾತು. ಜೌಗುಭೂಮಿ ಎಂದ ಕೂಡಲೇ ಸರಕಾರದ ರಕ್ಷಣೆ ತಾನಾಗಿ ದೊರೆಯುತ್ತದೆ ಎಂದು ತಿಳಿಯಬೇಡಿ. 2017ರ ಜೌಗುಭೂಮಿ ನಿಯಮಗಳು ಭತ್ತದ ಗದ್ದೆಗಳನ್ನೂ ನೀರಾವರಿಗಾಗಿ ಕಟ್ಟಿದ ಕೆರೆಗಳನ್ನೂ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಉಪಗ್ರಹ ಚಿತ್ರಗಳಿಂದ ತಯಾರಿಸಿದ ರಾಷ್ಟ್ರೀಯ ಪಟ್ಟಿಯ ಪೈಕಿ ಸುಪ್ರೀಂ ಕೋರ್ಟು 2017ರಲ್ಲಿ ರಕ್ಷಣೆಗೆ ಸೂಚಿಸಿದ 2,01,503 ಜಾಗಗಳೆಲ್ಲ 2.25 ಹೆಕ್ಟೇರಿಗಿಂತ, ಅಂದರೆ ಸುಮಾರು ಐದೂವರೆ ಎಕರೆಗಿಂತ ದೊಡ್ಡವು. ನಿಮ್ಮ 2 ಎಕರೆಯ ಜಡ್ಡಿ ಆ ಲೆಕ್ಕದಲ್ಲಿ ಬರುವುದಿಲ್ಲ. ಪಹಣಿಯಲ್ಲಿ ಕೆಳಗಿನ ಅರ್ಧ ಇನ್ನೂ ತರಿ ಜಮೀನೆಂದೇ ಇರಬಹುದು.

ಆದರೆ ಮೇಲಿನ ಅರ್ಧ ಸೊಪ್ಪಿನ ಬೆಟ್ಟದ ಸರ್ವೆ ನಂಬರಿನೊಳಗೆ ಬಂದಿದ್ದರೆ ವಿಷಯ ಪೂರ್ತಿ ಬೇರೆ. ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ಮುಂತಾದುವನ್ನು ತರುವ ಸವಲತ್ತೇ ಹೊರತು ಭೂಮಿಯ ಒಡೆತನವಲ್ಲ, ಅಲ್ಲಿ ಸಾಗುವಳಿ ಮಾಡುವಂತಿಲ್ಲ. ನಕಾಶೆ ನೋಡದೆ ಯಂತ್ರ ಇಳಿಸಿದರೆ ಕೇಸು ಬೀಳುವುದು ಯಂತ್ರದವರ ಮೇಲಷ್ಟೇ ಅಲ್ಲ, ನಿಮ್ಮ ಮೇಲೂ.

ಇಷ್ಟು ಹೇಳಿದ ಮೇಲೆ ತಮ್ಮನ ಪರವಾಗಿಯೂ ಒಂದು ಮಾತು ಹೇಳಬೇಕು. ಜಡ್ಡಿ ಉಳಿಸಿದವರಿಗೆ ಕೆಳಗಿನ ಊರಿನವರಾಗಲಿ ಸರಕಾರವಾಗಲಿ ಒಂದು ಕೊನೆ ಅಡಿಕೆಯ ಬೆಲೆಯನ್ನೂ ಕೊಡುವುದಿಲ್ಲ. ಪಾಲಾಗುವ ಹೊತ್ತಿನಲ್ಲಿ ಯಾರ ಪಾಲಿಗೆ ಜಡ್ಡಿ, ಯಾರ ಪಾಲಿಗೆ ತೋಟ ಎಂಬ ಪ್ರಶ್ನೆ ಎದ್ದೇ ಏಳುತ್ತದೆ, ಆಗ ಜಡ್ಡಿಯನ್ನು ಸೊನ್ನೆ ಎಂದು ಹಿಡಿದರೆ ಯಾವ ತಮ್ಮನೂ ಕಾಲುವೆ ಹೊಡೆಸದೆ ಇರುವುದಿಲ್ಲ. ಕಾದಿಗೆ ಎತ್ತುವ ಮೊದಲು ಮನೆಯೊಳಗೆ ಆ ಲೆಕ್ಕ ಮುಗಿಸಿಕೊಳ್ಳಿ.

ಮರುಬರಹ: ಕೆಳಗಿನತೋಟ

ಮೂವರಿಗೂ ಕೃತಜ್ಞತೆಗಳು. ಕಡ್ಡಿಯಿಂದ ಮುಟ್ಟಿ ನೋಡಿದೆ, ಪೊರೆ ಹಪ್ಪಳದಂತೆ ಒಡೆಯಿತು. ಕಾದಿಗೆಯನ್ನೂ ಅಗೆದೆ, ಬಸಿಗಾಲುವೆಯವರು ಊಹಿಸಿದ್ದಕ್ಕಿಂತ ಕೆಟ್ಟ ಸ್ಥಿತಿಯಿದೆ, ಎರಡು ಕಡೆ ಕಾದಿಗೆ ಎಲ್ಲಿತ್ತೆಂಬುದೇ ಗೊತ್ತಾಗಲಿಲ್ಲ. ಈ ವರ್ಷ ಕಾದಿಗೆ ಮತ್ತು ತಲೆಗಾಲುವೆಯ ಕೆಲಸ ಮಾತ್ರ ಮಾಡಿಸುವುದು, ಯಂತ್ರವನ್ನು ಕರೆಸುವುದಿಲ್ಲ ಎಂದು ತೀರ್ಮಾನವಾಗಿದೆ. ನಕಾಶೆಗೆ ಅರ್ಜಿ ಕೊಟ್ಟಿದ್ದೇನೆ. ಪಾಲಿನ ಮಾತನ್ನು ಇನ್ನೂ ಎತ್ತಿಲ್ಲ.

ತಮ್ಮನಿಗೆ ಪೂರ್ತಿ ನಂಬಿಕೆ ಬಂದಿಲ್ಲವಾದ್ದರಿಂದ ಅವನೇ ಒಂದು ಉಪಾಯ ಮಾಡಿದ್ದಾನೆ. ತೂತು ಕೊರೆದ ಮೂರು ಪಿವಿಸಿ ಪೈಪುಗಳನ್ನು ಜಡ್ಡಿಯ ನಡುವೆ ಒಂದು, ಜಡ್ಡಿಯ ಬಾಯಿಯಲ್ಲಿ ಒಂದು, ಹಾಳಾದ ಸಾಲಿನ ಬುಡದಲ್ಲಿ ಒಂದು ಹೀಗೆ ಹುಗಿದು, ಪ್ರತಿ ಭಾನುವಾರ ಕೋಲು ಇಳಿಸಿ ನೀರಿನ ಮಟ್ಟವನ್ನೂ ಬಾವಿಯ ಮಟ್ಟವನ್ನೂ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದಾನೆ. ಮೊದಲ ವಾರ ಜಡ್ಡಿಯ ನಡುವೆ ನೀರು ನೆಲದಿಂದ ನಾಲ್ಕು ಬೆರಳು ಕೆಳಗಿತ್ತು, ಅಡಿಕೆಯ ಬುಡದಲ್ಲಿ ಒಂದು ಗೇಣು.