ಓಎಸ್‌ಆರ್‌ಎಂ: 8 ಜಿಬಿ ರ‍್ಯಾಮ್‌ನಲ್ಲಿ ಎಕ್ಸ್‌ಟ್ರ್ಯಾಕ್ಟ್ ಅರ್ಧಕ್ಕೇ ನಿಲ್ಲುತ್ತಿದೆ

ಬೆಣ್ಣೆದೋಸೆ_ಲಿನಕ್ಸ್ (ದಾವಣಗೆರೆ)

ಉಬುಂಟು 22.04, 8 ಜಿಬಿ ರ‍್ಯಾಮ್, ಡಾಕರ್ (ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಸಾಧನ) ಹಾಕಿದೆ, ಅದರೊಳಗೆ ಓಎಸ್‌ಆರ್‌ಎಂ, ಅಂದರೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಿಂದ ದಾರಿ, ದೂರ ಲೆಕ್ಕ ಹಾಕುವ ಎಂಜಿನ್. ಮಂಡಿಪೇಟೆಯಿಂದ ಜಗಳೂರು, ಹೊಳಲ್ಕೆರೆ, ಚಿತ್ರದುರ್ಗದ ಕಡೆ ಹೋಗುವ ಸರಕು ಗಾಡಿಗಳಿಗೆ ದಾರಿ ಲೆಕ್ಕ ಹಾಕಬೇಕು, 140 ಅಂಗಡಿ. ನಕ್ಷೆಯ ಡೇಟಾ ಹಂಚುವ ಜಿಯೋಫ್ಯಾಬ್ರಿಕ್ ತಾಣದ ಇಡೀ ಭಾರತದ ಪಿಬಿಎಫ್ (ನಕ್ಷೆಯ ಫೈಲ್) ಕೊಟ್ಟರೆ ಎಕ್ಸ್‌ಟ್ರ್ಯಾಕ್ಟ್ (ಅದರಿಂದ ರಸ್ತೆಜಾಲ ತೆಗೆಯುವ) ಹಂತದಲ್ಲೇ "ಕಿಲ್ಡ್", ಎಕ್ಸಿಟ್ ಕೋಡ್ 137. ರ‍್ಯಾಮ್ ಹೆಚ್ಚಿಸದೆ ಆಗುತ್ತದೆಯೇ?

ದುರ್ಗದ_ನಕ್ಷೆ

ಆಗುತ್ತದೆ. 137 ಅಂದರೆ 128+9, 9 ಬಲವಂತವಾಗಿ ನಿಲ್ಲಿಸುವ ಕಿಲ್ ಸಂಕೇತ. ಮೆಮೊರಿ ಸಾಲದೆ ಕರ್ನಲ್ಲೇ ಪ್ರೋಸೆಸ್ ಕೊಂದಿದೆ. ಡಿಮೆಸೇಜ್ (dmesg, ಕರ್ನಲ್‌ನ ಸಂದೇಶಗಳ ದಾಖಲೆ) ತೆಗೆದು ನೋಡಿದರೆ ಸಿಗುತ್ತದೆ. 8 ಜಿಬಿ ಸ್ವಾಪ್ (ರ‍್ಯಾಮ್‌ನಂತೆ ಬಳಸುವ ಡಿಸ್ಕ್ ಜಾಗ) ಕೊಡಬಹುದು, ಆದರೆ ಆಮೆವೇಗ. ಎರಡು ಜಿಲ್ಲೆಯ ಕೆಲಸಕ್ಕೆ ಇಡೀ ದೇಶ ಯಾಕೆ?

ಜಿಯೋಫ್ಯಾಬ್ರಿಕ್‌ನಲ್ಲಿ ಭಾರತದ ಕೆಳಗೆ ಸದರ್ನ್ ಝೋನ್ ಬೇರೆಯೇ ಇದೆ, ಅದನ್ನು ಇಳಿಸಿ. ಆಪ್ಟ್‌ನಿಂದ ಓಸ್ಮಿಯಂ-ಟೂಲ್ (ನಕ್ಷೆಯ ಫೈಲ್ ಕತ್ತರಿಸುವ ಸಾಧನ) ಹಾಕಿಕೊಂಡು, ಓಸ್ಮಿಯಂ ಎಕ್ಸ್‌ಟ್ರ್ಯಾಕ್ಟ್‌ನ ಬಿ ಆಯ್ಕೆಗೆ 75.3,13.3,77.3,15.2 ಕೊಟ್ಟು ಕತ್ತರಿಸಿ. ಕ್ರಮ ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ. ಜಿಲ್ಲೆಯ ಗಡಿಗೆ ಸರಿಯಾಗಿ ಕತ್ತರಿಸಬೇಡಿ: ಮೊಳಕಾಲ್ಮೂರಿನ ಸುತ್ತ ಎಷ್ಟೋ ದಾರಿ ರಾಯದುರ್ಗದ ಮೇಲೆ ಹೋಗುತ್ತದೆ, ಅದು ಆಂಧ್ರ. ಅಲ್ಲಿ ನಕ್ಷೆ ತುಂಡಾದರೆ ಎಂಜಿನ್ ಎಲ್ಲಿಂದಲೋ ಸುತ್ತಿಸುತ್ತದೆ.

ಆಮೇಲೆ ಓಎಸ್‌ಆರ್‌ಎಂನ ಎಕ್ಸ್‌ಟ್ರ್ಯಾಕ್ಟ್ (ಕಾರ್ ಪ್ರೊಫೈಲ್, ಅಂದರೆ ಕಾರಿನ ವೇಗ, ನಿಯಮಗಳ ಫೈಲ್ ಜೊತೆ), ಪಾರ್ಟಿಷನ್, ಕಸ್ಟಮೈಸ್, ಕೊನೆಗೆ ಉತ್ತರ ಕೊಡುವ ಸರ್ವರ್ ರೌಟೆಡ್. ಎಲ್ಲರೂ ಎಡವುವುದು ಎರಡು ಕಡೆ. ಎಕ್ಸ್‌ಟ್ರ್ಯಾಕ್ಟ್ ಮುಗಿದ ಮೇಲೆ ಡಾಟ್ ಓಎಸ್‌ಆರ್‌ಎಂ ಎಂಬ ಒಂಟಿ ಫೈಲ್ ಹುಡುಕಬೇಡಿ, ಅದೇ ಹೆಸರಿನ ಹಿಂದೆ ಬಾಲ ಅಂಟಿಸಿಕೊಂಡ ಹತ್ತಾರು ಫೈಲ್ ಇರುತ್ತವೆ. ಮುಂದಿನ ಹಂತಗಳಿಗೆ ಆ ಮೂಲ ಹೆಸರನ್ನಷ್ಟೇ ಕೊಟ್ಟರೆ ಸಾಕು. ಇನ್ನೊಂದು, ರೌಟೆಡ್‌ಗೆ ಆಲ್ಗಾರಿದಮ್ ಎಂಎಲ್‌ಡಿ (ಪಾರ್ಟಿಷನ್, ಕಸ್ಟಮೈಸ್ ಸಿದ್ಧಪಡಿಸುವುದು ಇದಕ್ಕೇ) ಎಂದು ಹೇಳಲೇಬೇಕು. ಹೇಳದಿದ್ದರೆ ಅದು ಸಿಎಚ್ ಎಂಬ ಇನ್ನೊಂದು ಆಲ್ಗಾರಿದಮ್‌ನ ಡೇಟಾ ಹುಡುಕಿ, ಇಲ್ಲವೆಂದು ನಿಲ್ಲುತ್ತದೆ.

ಟೇಬಲ್ ಕೋರಿಕೆಯ (ಎಲ್ಲ ಬಿಂದುಗಳ ನಡುವಿನ ಲೆಕ್ಕ ಒಮ್ಮೆಗೇ ಕೇಳುವುದು) ಮಿತಿ ಸುಮ್ಮನಿದ್ದರೆ 100. ನಿಮ್ಮ 140ಕ್ಕೆ "ಟೂ ಬಿಗ್" ಬರುತ್ತದೆ. ಮ್ಯಾಕ್ಸ್-ಟೇಬಲ್-ಸೈಜ್ 200 ಇಡಿ.

ಬೆಣ್ಣೆದೋಸೆ_ಲಿನಕ್ಸ್ (ದಾವಣಗೆರೆ)

ಎಲ್ಲ ಹಂತ ಮುಗಿಯಿತು, 5000 ಪೋರ್ಟ್ ಉತ್ತರ ಕೊಡುತ್ತಿದೆ. ಆದರೆ ದಾವಣಗೆರೆ–ಚಿತ್ರದುರ್ಗ ದೂರ 0 ಮೀಟರ್ ಅನ್ನುತ್ತಿದೆ!

ದುರ್ಗದ_ನಕ್ಷೆ

ಅಕ್ಷಾಂಶ ಮೊದಲು ಬರೆದಿದ್ದೀರಿ. ಓಎಸ್‌ಆರ್‌ಎಂಗೆ ರೇಖಾಂಶ ಮೊದಲು: 75.92,14.46 ಮತ್ತು 76.40,14.23. ಉತ್ತರದ ವೇಪಾಯಿಂಟ್ಸ್ ಒಳಗೆ ಡಿಸ್ಟನ್ಸ್ ನೋಡಿ, ಕೊಟ್ಟ ಬಿಂದುವಿಗೂ ಅದು ಹಿಡಿದ ರಸ್ತೆಗೂ ಇರುವ ಅಂತರ ಅದು, ಮೀಟರ್‌ಗಳಲ್ಲಿ. ಅಲ್ಲಿ ಲಕ್ಷಗಟ್ಟಲೆ ಇದ್ದರೆ ಎರಡೂ ಬಿಂದು ನಕ್ಷೆಯ ಒಂದೇ ಮೂಲೆಗೆ ಹೋಗಿ ಅಂಟಿಕೊಂಡಿವೆ ಅಂತಲೇ ಅರ್ಥ. ಸರಿಪಡಿಸಿದ ಮೇಲೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಬರಬೇಕು.

ಕೋಟೆಬಾಗಿಲು

ಕಾರ್ ಪ್ರೊಫೈಲ್‌ನ ಲುವಾ ಫೈಲ್ ತೆರೆದು ಲೆಫ್ಟ್-ಹ್ಯಾಂಡ್-ಡ್ರೈವಿಂಗ್ ಸಾಲನ್ನು ಟ್ರೂ ಮಾಡಿ, ಮೂಲದಲ್ಲಿ ಫಾಲ್ಸ್ ಇದೆ. ಇಲ್ಲದಿದ್ದರೆ ತಿರುವಿನ ಲೆಕ್ಕ ಬಲಬದಿ ಓಡಿಸುವ ದೇಶಗಳದ್ದಾಗುತ್ತದೆ. ಅಂಗಡಿ ಗಾಡಿಯ ಎಡಕ್ಕೇ ಸಿಗಲಿ ಎಂದು ಅಪ್ರೋಚಸ್ ಕರ್ಬ್ ಬಳಸುವವರಿಗಂತೂ ಎಲ್ಲ ತಿರುವುಮುರುವು. ಲುವಾ ಬದಲಿಸಿದರೆ ಎಕ್ಸ್‌ಟ್ರ್ಯಾಕ್ಟ್‌ನಿಂದ ಮತ್ತೆ ಶುರು, ಕಸ್ಟಮೈಸ್ ಒಂದೇ ಓಡಿಸಿದರೆ ಹಿಡಿಯುವುದಿಲ್ಲ.

ಹಳ್ಳಿಗಳ ವಿಚಾರ: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಟ್ರ್ಯಾಕ್ ಎಂದು ಗುರುತಾದ ಹೊಲದ ದಾರಿಯಲ್ಲಿ ಕಾರ್ ಪ್ರೊಫೈಲ್ ಸಾಮಾನ್ಯವಾಗಿ ಹೋಗುವುದಿಲ್ಲ. ಡಾಂಬರು ರಸ್ತೆಗೆ ಯಾರೋ ಟ್ರ್ಯಾಕ್ ಎಂದು ಹಾಕಿದ್ದರೆ ನಕ್ಷೆಯಲ್ಲೇ ತಿದ್ದಿ, ಎಲ್ಲರಿಗೂ ಉಪಯೋಗ. ಲುವಾದಲ್ಲಿ ಟ್ರ್ಯಾಕ್‌ಗೆ ವೇಗ ಸೇರಿಸುವುದು ಅಡ್ಡದಾರಿ, ಮಳೆಗಾಲದಲ್ಲಿ ಟೆಂಪೊ ಎರೆಮಣ್ಣಿನಲ್ಲಿ ಹೂತೀತು.

ಬೈಕ್ ಡೆಲಿವರಿಯೂ ಇದ್ದರೆ ವಾಲ್ಹಲ್ಲಾ ಎಂಬ ಇನ್ನೊಂದು ದಾರಿ ಲೆಕ್ಕದ ಎಂಜಿನ್ ನೋಡಿ. ಓಎಸ್‌ಆರ್‌ಎಂನಲ್ಲಿ ಪ್ರತಿ ಪ್ರೊಫೈಲ್‌ಗೂ ಬೇರೆ ಡೇಟಾ ಕಟ್ಟಬೇಕು, ಸ್ಕೂಟರ್‌ಗೆ ಸಿದ್ಧ ಪ್ರೊಫೈಲೂ ಇಲ್ಲ. ವಾಲ್ಹಲ್ಲಾದಲ್ಲಿ ಒಂದೇ ಟೈಲ್ ಕಟ್ಟಿನಿಂದ ಕಾರು, ಲಾರಿ, ಸ್ಕೂಟರ್ ಎಲ್ಲ ನಡೆಯುತ್ತದೆ.

ದುರ್ಗದ_ನಕ್ಷೆ

ಸ್ಕೂಟರ್ ಮಾತು ಒಪ್ಪಿದೆ. ಆದರೆ 140ಕ್ಕೆ 140 ಟೇಬಲ್ ಪದೇಪದೇ ಕೇಳುವವರಿಗೆ ವೇಗದಲ್ಲಿ ಓಎಸ್‌ಆರ್‌ಎಂ ಮುಂದೆ, ಅದನ್ನೇ ಇಟ್ಟುಕೊಳ್ಳಿ.

ಡಾಕರ್ ಪೋರ್ಟ್ ಬರೀ 5000:5000 ಎಂದು ತೆರೆದಿದ್ದರೆ ಈಗಲೇ 127.0.0.1:5000:5000 ಮಾಡಿ, ಆಗ ಅದೇ ಯಂತ್ರದಿಂದ ಮಾತ್ರ ಸಿಗುತ್ತದೆ. ಡಾಕರ್ ತನ್ನ ಐಪಿಟೇಬಲ್ಸ್ (ನೆಟ್‌ವರ್ಕ್ ತಡೆಯುವ, ಬಿಡುವ) ನಿಯಮ ತಾನೇ ಬರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ (ಉಬುಂಟುವಿನ ಫೈರ್‌ವಾಲ್) ಪೋರ್ಟ್ ಮುಚ್ಚಿದ್ದರೂ ಹೊರಗಿನವರಿಗೆ ಪೋರ್ಟ್ ತೆರೆದೇ ಇರುತ್ತದೆ.