ಸಂಜೆ ನಾಲ್ಕರ ಹಸಿವು

ನಮ್ಮ ಕುಟುಂಬದ ಗುಂಪು, ಭಾನುವಾರ ಬೆಳಿಗ್ಗೆ.

ನ್ಯೂಜೆರ್ಸಿ ತಮ್ಮ: ಈ ಸುದ್ದಿ ಓದಿ. ಇಲ್ಲಿನ ಡೇಕೇರ್‌ಗಳಿಗೆ ಸರ್ಕಾರ ಒಂದು ಮಗುವಿಗೆ ದಿನಕ್ಕೆ ಎರಡು ಊಟ, ಒಂದು ತಿಂಡಿಯ ದುಡ್ಡು ಕೊಡುತ್ತದೆ. ಎಂಟು ಗಂಟೆಗಿಂತ ಜಾಸ್ತಿ ಇರುವ ಮಕ್ಕಳಿಗೆ ಇನ್ನೊಂದು ಊಟಕ್ಕೂ ಕೊಡಿ ಅಂತ ಮಸೂದೆ ತಂದಿದ್ದರು. 1996ಕ್ಕೆ ಮೊದಲು ಕೊಡುತ್ತಿದ್ದರಂತೆ, ಖರ್ಚು ಉಳಿಸಲಿಕ್ಕೆ ನಿಲ್ಲಿಸಿದ್ದು.

ಕುಂದಾಪುರ ಮಾವ: ಹೆತ್ತವರು ಯಾಕಿರುವುದು? ಒಂದು ಡಬ್ಬಿ ಕಟ್ಟಿಕೊಟ್ಟರೆ ಮುಗಿಯಿತು. ಎಲ್ಲದಕ್ಕೂ ಕಾನೂನಾ?

ನಾನು: ಮಾವ, ಮಲ್ಪೆಗೆ ಮೀನಿನ ಕೆಲಸಕ್ಕೆ ಹೋಗುವವಳು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾಳೆ. ಆಗ ಕಟ್ಟಿದ್ದು ನಮ್ಮ ಸೆಖೆಗೆ ಮಧ್ಯಾಹ್ನವೇ ಹಳಸುತ್ತದೆ. ಸಂಜೆ ನಾಲ್ಕಕ್ಕೆ ಮಗು ಏನು ತಿನ್ನಬೇಕು?

ಕುಂದಾಪುರ ಮಾವ: ಅಂಗನವಾಡಿ ಇದೆಯಲ್ಲ. ಊಟ, ಮೊಟ್ಟೆ, ಹಾಲು ಎಲ್ಲ ಕೊಡುತ್ತಾರೆ.

ಕಾಪು ದೊಡ್ಡಮ್ಮ: ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಬಡಿಸಿದವಳು ನಾನು, ಸ್ವಲ್ಪ ಕೇಳು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಮೂರರಿಂದ ಆರು ವರ್ಷದವರಿಗೆ ಬೆಳಗಿನ ತಿಂಡಿ, ಬಿಸಿಯೂಟ ಇದೆ. ಎರಡೂ ಸೇರಿ 500 ಕ್ಯಾಲೊರಿ. ಒಳ್ಳೆಯ ಕಾಯ್ದೆ, ಇಲ್ಲ ಅನ್ನುವುದಿಲ್ಲ. ಆದರೆ ಮೂರು ತುಂಬದ ಮಗುವಿಗೆ ಅಲ್ಲಿ ಬಿಸಿಯೂಟ ಇಲ್ಲ, ಮನೆಗೆ ಪೊಟ್ಟಣ ಕಳಿಸುವುದು. ಅಕ್ಕನ ಕೈ ಹಿಡಿದು ಬಂದ ಎರಡು ವರ್ಷದ ಕೂಸು ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಬಡಿಸುವ ಕೈ ಏಳುತ್ತದಾ? ನನ್ನ ಬುತ್ತಿಯ ಗಂಜಿಯನ್ನೇ ಕೊಡುತ್ತಿದ್ದೆ. ಕೇಂದ್ರ ಮುಚ್ಚಿದ ಮೇಲೆ ಆ ಮಕ್ಕಳು ತಾಯಿ ಬರುವವರೆಗೆ ಪಕ್ಕದ ಮನೆ ಜಗಲಿಯಲ್ಲಿ ಕೂರುತ್ತಿದ್ದವು.

ಮಂಗಳೂರು ಭಾವ: ವಕೀಲನಾಗಿ ಒಂದು ಮಾತು. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ, 1976ರ ತಿದ್ದುಪಡಿ ಆದ ಮೇಲೆ, 30ಕ್ಕಿಂತ ಜಾಸ್ತಿ ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕು ಅಂತ ಬರೆದಿದ್ದರು. ಆ ಮಕ್ಕಳಿಗೆ ಹಾಲು ಅಥವಾ ತಿಂಡಿ ಪುಕ್ಕಟೆ ಕೊಡಿಸಲು ರಾಜ್ಯ ನಿಯಮ ಮಾಡಬಹುದು ಅಂತಲೂ ಇತ್ತು. ಕೋಣೆಗೆ ‘ಬೇಕು’, ಹಾಲಿಗೆ ‘ಬಹುದು’. 2017ರ ಹೆರಿಗೆ ಕಾಯ್ದೆ ತಿದ್ದುಪಡಿಯಲ್ಲಿ 50 ಜನ ಕೆಲಸಗಾರರಿದ್ದರೆ ಶಿಶುಪಾಲನಾ ಕೇಂದ್ರ ಬೇಕು ಅಂತ ಇತ್ತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದಿತ್ತು. ಮಗುವಿನ ಊಟದ ಬಗ್ಗೆ ಅಲ್ಲಿ ಒಂದು ಪದವೂ ಇರಲಿಲ್ಲ.

ನಾನು: ಗೇರುಬೀಜದ ಕಾರ್ಖಾನೆಗಳಲ್ಲಿ ಹೆಚ್ಚಿನವರು ಹೆಂಗಸರೇ ಅಲ್ವಾ. ತಾಯಿ ಎಷ್ಟು ಗಂಟೆ ದುಡಿಯುತ್ತಾಳೋ ಅಷ್ಟು ಹೊತ್ತಿನ ಊಟ ಮಗುವಿಗೆ ಸಿಗಬೇಕು. ಅದನ್ನೇ ಕಾಯ್ದೆಯಲ್ಲಿ ಬರೆಯಲಿ.

ಕುಂದಾಪುರ ಮಾವ: ಬರೆದರೆ ಸಣ್ಣ ಕಾರ್ಖಾನೆಯವ ಕೋಣೆಯನ್ನೇ ಮುಚ್ಚುತ್ತಾನೆ. ಅವನಿಗೂ ಲೆಕ್ಕ ಇದೆ.

ಮಂಗಳೂರು ಭಾವ: ಈ ಮಾತು ಸರಿ ಮಾವ. ಅದಕ್ಕೇ ಅಮೆರಿಕದ ಆ ಮಸೂದೆ ನನಗೆ ಹಿಡಿಸಿತು. ಅಲ್ಲಿ ಖರ್ಚು ಡೇಕೇರ್‌ನವರ ತಲೆ ಮೇಲೆ ಹಾಕಿಲ್ಲ, ಸರ್ಕಾರ ದುಡ್ಡು ಕೊಡಬೇಕು ಅಂತ ಇದೆ.

ಕಾಪು ದೊಡ್ಡಮ್ಮ: ದುಡ್ಡು ಅಂದರೆ ಎಷ್ಟು ಅಂತಲೂ ನೋಡಬೇಕು. ಅಂಗನವಾಡಿ ಮಗುವಿಗೆ 2017ರಲ್ಲಿ ಕೇಂದ್ರ ನಿಗದಿ ಮಾಡಿದ ದರ ದಿನಕ್ಕೆ 8 ರೂಪಾಯಿ. ಉಡುಪಿ ಹೋಟೆಲಿನಲ್ಲಿ ಒಂದು ಬನ್ಸ್ ಬರುವುದಿಲ್ಲ ಅದಕ್ಕೆ.

ನಾನು: ಭಾವ, ಶಾಸಕರಿಗೆ ಒಂದು ಅರ್ಜಿ ಬರೆಯಿರಿ. ಸಂಜೆಗೆ ಹೆಸರುಕಾಳು ಉಸ್ಲಿಯೋ ಗಂಜಿಯೋ, ಮೂರು ವರ್ಷದೊಳಗಿನವರಿಗೂ ಸೇರಿಸಿ. ನಾವೆಲ್ಲ ಸಹಿ ಹಾಕುತ್ತೇವೆ.

ಕುಂದಾಪುರ ಮಾವ: ದುಡ್ಡು ಯಾರು ಕೊಡಬೇಕು, ಎಷ್ಟು ಕೊಡಬೇಕು ಅಂತ ಅದರಲ್ಲೇ ಬರಿ. ಇಲ್ಲದಿದ್ದರೆ ನನ್ನ ಸಹಿ ಇಲ್ಲ.

ಕಾಪು ದೊಡ್ಡಮ್ಮ: ಲೆಕ್ಕ ನಾನು ಹಾಕಿಕೊಡುತ್ತೇನೆ. ಹಳೆಯ ಪುಸ್ತಕ ಮನೆಯಲ್ಲೇ ಇದೆ.