ಅಪ್‌ಡೇಟ್: ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ ಪ್ರೊಜೆಕ್ಟರ್ ಪಾಠ

ಹೋದ ತಿಂಗಳು ಕೇಳಿದ್ದೆ: ನಾನು ಹೊಸ ವಿಜ್ಞಾನ ಟೀಚರ್, ಹಳ್ಳಿ ಶಾಲೆ, ಪ್ರೊಜೆಕ್ಟರ್ ಇದೆ, ನೆಟ್‌ವರ್ಕ್ ಇಲ್ಲ. ಏಳನೇ ತರಗತಿಗೆ ವಿದ್ಯುತ್ ಮಂಡಲ ಹೇಗೆ ತೋರಿಸಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಎಲ್ಲವನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋದೆ. ಸರ್ಕಾರದ ಶಾಲಾ ಪಾಠಗಳ ದೀಕ್ಷಾ ಆ್ಯಪ್‌ನ ವಿಡಿಯೊ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಕೊಲರಾಡೊ ವಿಶ್ವವಿದ್ಯಾಲಯದವರ ಫೆಟ್ ಸಿಮ್ಯುಲೇಶನ್‌ಗಳೂ (ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳು) ಹಾಗೆಯೇ. ಕೆಲವು ಕನ್ನಡದಲ್ಲೇ ಇವೆ.

ಮೊದಲ ದಿನ ಸುಮ್ನೆ 20 ನಿಮಿಷ ವಿಡಿಯೊ ಹಾಕಿದೆ. ಮಕ್ಕಳು ಖುಷಿಯಾಗಿ ನೋಡಿದರು, ಪ್ರಶ್ನೆ ಕೇಳಿದರೆ ಎಲ್ಲರೂ ಮೌನ. ನನಗೆ ಬಹಳ ಬೇಜಾರಾಯಿತು.

ಮರುದಿನ ವಿಡಿಯೊ ಹಾಕಲಿಲ್ಲ. ಫೆಟ್‌ನಲ್ಲಿ ಒಂದು ಬ್ಯಾಟರಿ, ಸಾಲಾಗಿ ಎರಡು ಬಲ್ಬ್ ಜೋಡಿಸಿ, ಸ್ವಿಚ್ ಹಾಕುವ ಮುಂಚೆ ನಿಲ್ಲಿಸಿದೆ. "ಒಂದೇ ಬಲ್ಬ್ ಇದ್ದಾಗಿನಷ್ಟೇ ಬೆಳಕು ಬರುತ್ತಾ? ಬರೆದಿಡಿ" ಎಂದೆ. ಹೆಚ್ಚಿನವರು "ಬರುತ್ತೆ" ಅಂತ ಬರೆದಿದ್ದರು. ಬೆಳಕು ಕಡಿಮೆಯಾದದ್ದು ನೋಡಿ ತರಗತಿಯೆಲ್ಲ ಗಲಾಟೆ! ಯಾವತ್ತೂ ಮಾತಾಡದ ಹುಡುಗಿ ಕೇಳಿದಳು: "ಮಿಸ್, ಒಂದು ಬಲ್ಬ್ ತೆಗೆದರೆ ಇನ್ನೊಂದೂ ಆರಿಹೋಗುತ್ತಾ?" ಅವಳನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ.

ಮೂರನೇ ದಿನ ಕರೆಂಟ್ ಹೋಯಿತು. ಟಾರ್ಚ್ ಸೆಲ್, ಚಿಕ್ಕ ಬಲ್ಬ್, ವೈರ್ ಹಂಚಿದೆ. ಹೇಗೆ ಜೋಡಿಸಬೇಕು ಅಂತ ನಾನು ಹೇಳಲೇ ಇಲ್ಲ, ಅವರೇ ಮಾಡಿದರು.